ಮೇಘದೂತವೂ ಆಕಾಶಪಟವೂ

ಪರಸ್ಥಳದಲ್ಲಿರುವವನ ಮನಸ್ಸಿಗೆ ತನ್ನ ಊರು ಹೇಗೆ ಕಾಣಿಸುವುದು ಎಂಬ ಪ್ರಶ್ನೆಯನ್ನು ನಮ್ಮ ಕವಿಗಳು ಬಹು ಹಿಂದೆಯೇ ಎತ್ತಿ, ಅದಕ್ಕೆ ಉತ್ತರವನ್ನೂ ಕೊಟ್ಟಿರುವರು. ಈಗ ಅದೇ ಪ್ರಶ್ನೆಗೆ ಯಂತ್ರವೊಂದು ತನ್ನ ಉತ್ತರವನ್ನು ಮುಂದಿಟ್ಟಿದೆ. ಭೂಮಿಯನ್ನು ಸುತ್ತುವ ಉಪಗ್ರಹಗಳು ತೆಗೆದ ಚಿತ್ರಗಳನ್ನು ಒಂದಕ್ಕೊಂದು ಹೊಂದಿಸಿ, ಅಂತರ್ಜಾಲದ ಮೂಲಕ ಯಾರ ಮನೆಯಲ್ಲಿ ಬೇಕಾದರೂ ತೆರೆದು ನೋಡಬಹುದಾದ ಭೂಪಟವನ್ನಾಗಿ ಮಾಡಿರುವುದನ್ನು ವಾಚಕರು ಬಲ್ಲರು. ಗೂಗಲ್ ಅರ್ಥ್ ಎಂಬುದು 2005ರಲ್ಲಿಯೂ, ನಮ್ಮ ದೇಶದ ಇಸ್ರೋ ಸಂಸ್ಥೆಯ ಭುವನ್ ಎಂಬುದು 2009ರಲ್ಲಿಯೂ ಬಳಕೆಗೆ ಬಂದುವು. ಇವನ್ನು ಈ ಲೇಖನದಲ್ಲಿ ಸೌಕರ್ಯಕ್ಕಾಗಿ ಆಕಾಶಪಟವೆಂದು ಕರೆಯುವೆವು. ಹಿರಿಯರ ಊರನ್ನು ಬಿಟ್ಟು ಎರಡು ಮೂರು ತಲೆಮಾರು ಕಳೆದ ಕುಟುಂಬದವರು ಈ ಪಟದಲ್ಲಿ ತಮ್ಮ ಮೂಲದ ಊರನ್ನು ಹುಡುಕುವುದು ಈಗ ಅಪರೂಪವೇನೂ ಅಲ್ಲ. ಇದನ್ನು ಹೊತ್ತು ಕಳೆಯುವ ವಿನೋದವೆಂದು ತಳ್ಳಿಬಿಡಲಾಗದು. ಊರಿನ ವರ್ಣನೆಯು ಕಾವ್ಯದ ಅಂಗಗಳಲ್ಲಿ ಒಂದಾಗಿರುವಾಗ, ಊರನ್ನು ತೋರಿಸುವ ಈ ಹೊಸ ಬಗೆಯೂ ವಿಮರ್ಶೆಗೆ ವಿಷಯವಾಗತಕ್ಕುದೇ ಸರಿ. ಇದರ ಗುಣದೋಷಗಳನ್ನು ನಮ್ಮ ಜಿಲ್ಲೆಯ ಶರಾವತಿಯ ಮುಳುಗಡೆಯ ಊರುಗಳನ್ನೇ ಉದಾಹರಣೆಯಾಗಿಟ್ಟುಕೊಂಡು ವಿಚಾರಿಸುವುದು ನಮ್ಮ ಉದ್ದೇಶ.

ಮೇಲಿನಿಂದ ನೆಲವನ್ನು ನೋಡುವ ಕಲ್ಪನೆ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಕಾಳಿದಾಸನ ಮೇಘದೂತದಲ್ಲಿ ರಾಮಗಿರಿಯಲ್ಲಿ ಶಾಪದ ಒಂದು ವರ್ಷವನ್ನು ಕಳೆಯುತ್ತಿರುವ ಯಕ್ಷನು ಮೋಡವನ್ನು ಕರೆದು, ಅಲಕಾಪುರಿಯ ದಾರಿಯನ್ನು ಹೇಳುವನು. ವಿಂಧ್ಯದ ಬುಡದಲ್ಲಿ ಒಡೆದು ಹರಿಯುವ ರೇವಾನದಿ, ವಿದಿಶೆ, ಉಜ್ಜಯಿನಿ, ಕುರುಕ್ಷೇತ್ರ, ಕೈಲಾಸ ಇವೆಲ್ಲವೂ ಆಕಾಶದಲ್ಲಿ ಹೋಗುವವನ ಕಣ್ಣಿಗೆ ಬೀಳುವಂತೆಯೇ ವರ್ಣಿತವಾಗಿವೆ. ಆದರೆ ಅಲಕೆಗೆ ಮುಟ್ಟಿದ ಮೇಲೆ ಯಕ್ಷನ ಮಾತು ಬದಲಾಗುವುದು. ಇಷ್ಟು ದೂರ ನದಿ ಬೆಟ್ಟಗಳು ಸಾಕಾಗಿದ್ದುವು. ಮನೆಯನ್ನು ಗುರುತಿಸಲು ಅವು ಸಾಲವು. ಕುಬೇರನ ಅರಮನೆಗೆ ಉತ್ತರದಲ್ಲಿ ಕಾಮನಬಿಲ್ಲಿನಂತಹ ತೋರಣ, ಹೆಂಡತಿಯು ಮಗನಂತೆ ಸಾಕಿದ ಎಳೆಯ ಮಂದಾರ, ಮೆಟ್ಟಿಲು ಕಟ್ಟಿದ ಕೊಳ, ಬಾಗಿಲ ಇಕ್ಕೆಲದಲ್ಲಿ ಬರೆದ ಶಂಖಪದ್ಮಗಳು: ಇಂತಹ ಗುರುತುಗಳನ್ನು ಅವನು ಒಂದೊಂದಾಗಿ ಹೇಳುವನು. ತಾನಿಲ್ಲದೆ ಆ ಮನೆಯ ಕಳೆ ಕುಂದಿರುವುದೆಂಬುದನ್ನೂ ಸೇರಿಸುವನು. ಈ ಕಡೆಯ ಗುರುತನ್ನು ಯಾವ ಕಣ್ಣೂ ತಾನಾಗಿ ಕಾಣಲಾರದು. ಬಲ್ಲವನು ಹೇಳಿದರೆ ಮಾತ್ರ ತಿಳಿಯುವುದು.

ರಘುವಂಶದ 13ನೆಯ ಸರ್ಗದಲ್ಲಿಯೂ ಹೀಗೆಯೇ. ಲಂಕೆಯಿಂದ ಪುಷ್ಪಕದಲ್ಲಿ ಹಿಂದಿರುಗುವಾಗ ರಾಮನು ಸೀತೆಗೆ ಕೆಳಗಿನ ನೆಲವನ್ನು ತೋರಿಸುವನು. ಅಲ್ಲಿ ತೋರುವುದು ಬರಿಯ ಕಾಡು, ಹೊಳೆ, ಗುಡ್ಡ. ಆದರೆ ಇಲ್ಲಿ ನಿನ್ನ ಕಾಲಂದುಗೆ ಸಿಕ್ಕಿತು, ಇಲ್ಲಿ ನಾನು ಮಳೆಗಾಲವನ್ನು ಕಳೆದೆನು ಎಂದು ಹೇಳುವವನು ಪಕ್ಕದಲ್ಲಿ ಇರುವುದರಿಂದ ಕಾಡು ಕಥೆಯಾಗುವುದು. ಕಾಳಿದಾಸನ ಈ ಎರಡು ಪ್ರಸಂಗಗಳಲ್ಲಿಯೂ ಎತ್ತರದ ನೋಟವು ಒಂಟಿಯಾಗಿಲ್ಲ; ನೋಡುವವನೊಬ್ಬ, ಹೇಳುವವನೊಬ್ಬ. ಈ ಅಂಶವನ್ನು ನೆನಪಿನಲ್ಲಿಟ್ಟುಕೊಂಡು ಆಕಾಶಪಟಕ್ಕೆ ಬರೋಣ.

ಮೊದಲು ಗುಣಗಳನ್ನು ಹೇಳುವುದು ನ್ಯಾಯ. ಈ ಪಟವು ಯಾರನ್ನೂ ಹೊಗಳುವುದಿಲ್ಲ, ಯಾವುದನ್ನೂ ಉತ್ಪ್ರೇಕ್ಷಿಸುವುದಿಲ್ಲ. ಅರಸನ ಕೋಟೆಯನ್ನೂ ಕೂಲಿಯವನ ಗುಡಿಸಲನ್ನೂ ಒಂದೇ ಅಳತೆಯಲ್ಲಿ ತೋರಿಸುವುದು. ಪ್ರಯಾಣಕ್ಕೆ ಶಕ್ತಿಯಿಲ್ಲದ ವೃದ್ಧರಿಗೂ, ಕಡಲಾಚೆ ನೆಲೆಸಿದವರಿಗೂ ಕುಳಿತಲ್ಲಿಯೇ ಊರಿನ ದರ್ಶನವಾಗುವುದು ಸಣ್ಣ ಉಪಕಾರವಲ್ಲ. ಕಾಲಕಾಲದ ಚಿತ್ರಗಳನ್ನು ಕೂಡಿಟ್ಟಿರುವುದರಿಂದ, 1984ರಿಂದ ಈಚೆಗೆ ನೆಲವು ವರ್ಷವರ್ಷಕ್ಕೂ ಹೇಗೆ ಬದಲಾಯಿತೆಂಬುದನ್ನು ಸಾಮಾನ್ಯರೂ ನೋಡಬಹುದು. ಆಲಮಟ್ಟಿಯ ನೀರು ಹಳೆಯ ಬಾಗಲಕೋಟೆಯ ಕಡೆಗೆ ಏರಿದುದಕ್ಕೆ ಇಂತಹ ಸಾಕ್ಷ್ಯವುಂಟು. ಆ ಚಿತ್ರಗಳಲ್ಲಿ ಮನೆಗಳು ಬಿಡಿಬಿಡಿಯಾಗಿ ಕಾಣದಿದ್ದರೂ, ನೀರಿಗೆ ಮುಂಚಿನ ನೆಲವಾದರೂ ಕಾಣುವುದು.

ಇನ್ನು ದೋಷಗಳು. ದಂಡಿಯು ಕಾವ್ಯದೋಷಗಳನ್ನು ಹೇಳುವಾಗ ದೇಶವಿರೋಧ, ಕಾಲವಿರೋಧ ಎಂಬುವನ್ನೂ ಎಣಿಸಿರುವನು. ಒಂದು ಋತುವಿನ ವಸ್ತುವನ್ನು ಮತ್ತೊಂದು ಋತುವಿನಲ್ಲಿ ವರ್ಣಿಸಿದರೆ ಅದು ಕಾಲವಿರೋಧ. ಆಕಾಶಪಟದಲ್ಲಿ ಈ ದೋಷವು ಹೆಜ್ಜೆಹೆಜ್ಜೆಗೂ ಕಾಣುವುದು. ಬೇರೆ ಬೇರೆ ದಿನಗಳಲ್ಲಿ ತೆಗೆದ ತುಂಡುಗಳನ್ನು ಹೊಲಿದು ಮಾಡಿದ ಪಟವಾದುದರಿಂದ, ಒಂದೇ ಗುಡ್ಡದ ಈಚೆಯ ಮಗ್ಗುಲು ಹಸುರಾಗಿಯೂ ಆಚೆಯ ಮಗ್ಗುಲು ಬೇಸಿಗೆಯ ಕಂದುಬಣ್ಣವಾಗಿಯೂ ಇರುವುದುಂಟು. ಹೆಸರುಗಳ ಗತಿಯೂ ಹೀಗೆಯೇ. ರೋಮನ್ ಲಿಪಿಯಲ್ಲಿ ಳಕಾರಕ್ಕೂ ಲಕಾರಕ್ಕೂ, ಣಕಾರಕ್ಕೂ ನಕಾರಕ್ಕೂ ಭೇದವಿಲ್ಲ; ನಮ್ಮ ಹಳ್ಳಿಗಳ ಹೆಸರುಗಳು ಆ ಲಿಪಿಯನ್ನು ಹೊಕ್ಕು ಮರಳಿ ಕನ್ನಡಕ್ಕೆ ಬರುವಾಗ ಹುಟ್ಟಿದವರೇ ಗುರುತಿಸದಂತೆ ಆಗಿರುತ್ತವೆ. ಅದಲ್ಲದೆ ಮಲೆನಾಡಿನ ಊರು ಬಯಲುಸೀಮೆಯ ಊರಿನಂತೆ ಒಟ್ಟಾಗಿ ಕಟ್ಟಿಕೊಂಡದ್ದಲ್ಲ. ತೋಟದ ಅಂಚಿಗೆ ಒಂದು ಮನೆ, ಕಣಿವೆಯಾಚೆ ಮತ್ತೊಂದು ಮನೆ. ಅಡಕೆಯ ಸೋಗೆಯ ಕೆಳಗೆ ದಾರಿಯೂ ಅಂಗಳವೂ ಮರೆಯಾಗಿರುವುದರಿಂದ ಊರೆಂಬುದು ಮೇಲಿನಿಂದ ಬರಿಯ ಹಸುರು.

ಎಲ್ಲಕ್ಕಿಂತ ದೊಡ್ಡ ಕೊರತೆ ಮತ್ತೊಂದುಂಟು. ಉಪಗ್ರಹದ ಕ್ಯಾಮರಾಕ್ಕೆ ಮೋಡವು ಅಡ್ಡಿ. ಆದಕಾರಣ ಪಟವನ್ನು ಸಿದ್ಧಪಡಿಸುವವರು ಮೋಡವಿಲ್ಲದ ದಿನದ ಚಿತ್ರಗಳನ್ನೇ ಆರಿಸುವರು. ಮೋಡ ಬಿದ್ದ ಭಾಗವನ್ನು ತೆಗೆದು ಬೇರೆ ದಿನದ ತುಂಡನ್ನು ತುಂಬುವರು. ಇದರ ಫಲವಾಗಿ, ವರ್ಷದಲ್ಲಿ ನಾಲ್ಕು ತಿಂಗಳು ಮಳೆಯಲ್ಲಿಯೇ ಬದುಕುವ ಮಲೆನಾಡು ಆಕಾಶಪಟದಲ್ಲಿ ಮಳೆಯೇ ಇಲ್ಲದ ನಾಡಾಗಿದೆ. ಯಕ್ಷನ ಸಂದೇಶವನ್ನು ಹೊತ್ತ ಮೇಘವನ್ನೇ ಇಲ್ಲಿ ಒರಸಿ ಹಾಕಿರುವರು. ಯಂತ್ರದ ದೃಷ್ಟಿಯಿಂದ ಇದು ಅನಿವಾರ್ಯವಿರಬಹುದು. ಆದರೂ ಜೂನ್ ತಿಂಗಳಲ್ಲಿ ಹೊಳೆಯ ಸಂಕ ಕೊಚ್ಚಿಹೋಗಿ ಎರಡು ದಂಡೆಯವರು ಕೂಗಿನಲ್ಲಿಯೇ ಮಾತಾಡಿಕೊಳ್ಳುತ್ತಿದ್ದ ಊರನ್ನು ಫೆಬ್ರುವರಿಯ ಬಿಸಿಲಿನಲ್ಲಿ ಮಾತ್ರ ತೋರಿಸಿದರೆ, ಅದು ಅರ್ಧ ಊರೆಂದೇ ಹೇಳಬೇಕು.

ಈಗ ಶರಾವತಿಯ ಸಂಗತಿ. ಸಾಗರ ತಾಲ್ಲೂಕಿನ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ಪೂರ್ಣಮಟ್ಟವು ಸಮುದ್ರದಿಂದ 1819 ಅಡಿ. ನೀರು ತುಂಬಿದಾಗ ಸುಮಾರು 300 ಚದರ ಕಿಲೋಮೀಟರು ನೆಲವನ್ನು ಆವರಿಸುವುದು. ಅದಕ್ಕೂ ಮುಂಚೆ, 1948ರಲ್ಲಿ ಮುಗಿದಿದ್ದ ಹಿರೇಭಾಸ್ಕರದ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿತು. ಮಟ್ಟವು ಬಹಳ ಇಳಿದ ವರ್ಷಗಳ ಬೇಸಿಗೆಯಲ್ಲಿ ಮಾತ್ರ ಅದು ತಲೆ ತೋರುವುದು. ಭೂಮಿಯನ್ನು ಎಡೆಬಿಡದೆ ಚಿತ್ರಿಸುವುದಕ್ಕೆಂದೇ ಹಾರಿಸಿದ ಲ್ಯಾಂಡ್‌ಸ್ಯಾಟ್ ಸಾಲಿನ ಮೊದಲನೆಯ ಉಪಗ್ರಹವು ಹೊರಟದ್ದು 1972ರಲ್ಲಿ. ಅಂದರೆ ನಮ್ಮ ಊರುಗಳು ಮುಳುಗಿ ಎಂಟು ವರ್ಷಗಳಾದ ಮೇಲೆ ಆಕಾಶವು ಕಣ್ಣು ತೆರೆಯಿತು. ಅಮೆರಿಕದ ಬೇಹುಗಾರಿಕೆಯ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳು 1995ರಲ್ಲಿ ಬಹಿರಂಗವಾದುವೆಂಬುದು ನಿಜ. ಆದರೆ ಮನೆಯಲ್ಲಿ ತೆರೆಯುವ ಸಾಮಾನ್ಯ ಪಟದಲ್ಲಿ ಅವು ಬರುವುದಿಲ್ಲ. ಈ ಪಟದಲ್ಲಿ ಶರಾವತಿಯ ಮುಳುಗಡೆಯವನಿಗೆ ತನ್ನ ಹಿರಿಯರ ಊರಿನ ಜಾಗದಲ್ಲಿ ಕಾಣುವುದು ನೀಲಿ ನೀರು, ಕೆಂಪು ದಡ, ನಡುಗಡ್ಡೆಗಳಾಗಿ ಉಳಿದ ಗುಡ್ಡಗಳ ನೆತ್ತಿ. ಜೊತೆಗೆ 2025ರ ಜುಲೈಯಲ್ಲಿ ತೆರೆದ ಸಿಗಂದೂರಿನ ಸೇತುವೆ.

ಹಾಗಾದರೆ ಇಂತಹವನಿಗೆ ಆಕಾಶಪಟವು ನಿಷ್ಪ್ರಯೋಜಕವೇ? ಅಲ್ಲವೆಂಬುದನ್ನು ನಾವು ಕಣ್ಣಾರೆ ಕಂಡೆವು. ಕಳೆದ ಬೇಸಿಗೆಯಲ್ಲಿ ಸಾಗರದ ಪರಿಚಿತರ ಮನೆಯಲ್ಲಿ, ಎಂಬತ್ತು ದಾಟಿದ ಹಿರಿಯರೊಬ್ಬರ ಮುಂದೆ ಅವರ ಮೊಮ್ಮಗನು ಪಟವನ್ನು ತೆರೆದನು. "ಅಜ್ಜಯ್ಯ, ನಿಮ್ಮ ಊರು ಇಲ್ಲೇ ಎಲ್ಲೋ ಇರಬೇಕು, ನೋಡಿ" ಎಂದನು. ಅವರು ಬಹಳ ಹೊತ್ತು ನೋಡಿ, "ಇಲ್ಲಿ ಬರೀ ನೀರಲ್ಲವೋ" ಎಂದರು. ಆಮೇಲೆ ಅವರು ಹೇಳಿದ ಮಾತು ವಿಚಾರಾರ್ಹವಾದುದು: "ನಮ್ಮ ಜಗಲಿಯಲ್ಲಿ ಕೂತರೆ ಹೊಳೆ ಎದುರಿಗೆ, ಗುಡ್ಡ ಬೆನ್ನಿಗೆ. ನಿನ್ನ ಪಟದಲ್ಲಿ ಗುಡ್ಡ ಎಡಗಡೆಗೆ ಹೋಗಿದೆ." ಮನೆಯು ಪೂರ್ವಾಭಿಮುಖವಾಗಿದ್ದಿತು, ಪಟದಲ್ಲಿಯೋ ಉತ್ತರವು ಮೇಲೆ. ಹುಡುಗನು ಪಟವನ್ನು ತಿರುಗಿಸಿ ಪೂರ್ವವನ್ನು ಮೇಲಕ್ಕೆ ತಂದನು. ಆಗ ಹಿರಿಯರ ಬೆರಳು ತಾನೇ ನಡೆಯತೊಡಗಿತು. ಈ ಜೋಡಿ ನೆತ್ತಿಯ ಗುಡ್ಡದಿಂದ ಇಳಿದರೆ ಬ್ಯಾಣ. ಬ್ಯಾಣದ ತುದಿಗೆ ದಣಪೆ. ಅಲ್ಲಿಂದ ತೋಟ, ತೋಟದ ನಡುವೆ ಹಳ್ಳಕ್ಕೆ ಸಂಕ, ಸಂಕದಾಚೆ ಚೌಡಿಯ ಕಲ್ಲು. ಅವರು ಹೇಳಿದಂತೆಲ್ಲ ಹುಡುಗನು ನೀರಿನ ಮೇಲೆ ಗುರುತುಗಳನ್ನು ಹಾಕುತ್ತ ಹೋದನು.

ನಡುವೆ ಪಟವೂ ಅವರನ್ನು ಒಮ್ಮೆ ತಿದ್ದಿತು. ಎರಡು ಗುಡ್ಡಗಳ ನಡುವೆ ಒಂದು ಹರದಾರಿಯೆಂದು ಅವರು ಹೇಳುತ್ತ ಬಂದಿದ್ದರು. ಅಳೆದಾಗ ಮುಕ್ಕಾಲು ಮೈಲಿಯೂ ಆಗಲಿಲ್ಲ. ಅವರು ನಕ್ಕು, "ತಲೆಯ ಮೇಲೆ ಸೊಪ್ಪಿನ ಹೊರೆ ಇರುತ್ತಿತ್ತಲ್ಲೋ" ಎಂದರು. ಎರಡೂ ಸತ್ಯವೇ, ಒಂದು ನೆಲದ ಅಳತೆ, ಮತ್ತೊಂದು ಬದುಕಿನ ಅಳತೆ. ಒಂದು ಕಡೆ ಮಾತ್ರ ಅವರ ಬೆರಳು ನಿಂತಿತು. ತೋಟದ ಮೂಲೆಯಲ್ಲಿ ಬೇಸಿಗೆಯಲ್ಲಿಯೂ ಬತ್ತದ ಒರತೆಯೊಂದು ಇದ್ದಿತಂತೆ, ಅದಕ್ಕೊಂದು ಹೆಸರಿತ್ತು. "ನಮ್ಮ ಅಕ್ಕನಿಗೆ ಗೊತ್ತಿತ್ತು" ಎಂದಷ್ಟೇ ಹೇಳಿ ಮುಂದಕ್ಕೆ ಹೋದರು. ಆ ಅಕ್ಕನು ಮೂರು ವರ್ಷಗಳ ಹಿಂದೆ ತೀರಿಕೊಂಡವರು. ಹುಡುಗನು ಹಾಕಿದ ಗುರುತುಗಳಲ್ಲಿ ಅದೊಂದು ಈಗಲೂ ಹೆಸರಿಲ್ಲದೆ ಇದೆ.

ಇದರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಾಗುವುದು. ಆಕಾಶಪಟವು ರೂಪವನ್ನು ಕೊಡುವುದು, ನಾಮವನ್ನು ಕೊಡಲಾರದು. ಊರೆಂಬುದಾದರೋ ನಾಮರೂಪಗಳೆರಡೂ ಕೂಡಿದುದು. ನಮ್ಮ ಪೂರ್ವಿಕರು ಇದನ್ನು ಚೆನ್ನಾಗಿ ಅರಿತಿದ್ದರು. ರೈಸ್ ಸಾಹೇಬರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 8ನೆಯ ಸಂಪುಟದಲ್ಲಿ ಸಾಗರ, ಸೊರಬ, ನಗರ, ತೀರ್ಥಹಳ್ಳಿಗಳ ಶಾಸನಗಳಿವೆ. ದತ್ತಿಯ ಶಾಸನದಲ್ಲಿ ಭೂಮಿಯ ಚತುಸ್ಸೀಮೆಯನ್ನು ಹೇಳುವ ಪದ್ಧತಿಯನ್ನು ವಾಚಕರು ಗಮನಿಸಬೇಕು: ಮೂಡಲಿಗೆ ಇಂತಹ ಹಳ್ಳ, ತೆಂಕಲಿಗೆ ಇಂತಹ ಮರ, ಪಡುವಲಿಗೆ ನೆಟ್ಟ ಕಲ್ಲು, ಬಡಗಲಿಗೆ ಇಂತಹವರ ಗದ್ದೆ. ಅಲ್ಲಿ ಚಿತ್ರವಿಲ್ಲ, ಆದರೆ ಹೆಸರು ಹಿಡಿದು ನಡೆಯುವವನು ದಾರಿ ತಪ್ಪುವಂತಿಲ್ಲ. ಹಾಗೆಯೇ ಸಾಗರದವರೇ ಆದ ನಾ. ಡಿಸೋಜರ 'ದ್ವೀಪ' ಕಾದಂಬರಿಯನ್ನು ನೆನೆಯಬಹುದು. ಏರುವ ನೀರಿನ ನಡುವೆ ಉಳಿದುಕೊಂಡ ಒಂದು ಮನೆಯನ್ನು ಅದು ಹೊಸ್ತಿಲಿನ ಒಳಗಿನಿಂದ ತೋರಿಸುವುದು. ನೀರು ಎಷ್ಟು ಅಡಿ ಏರಿತೆಂಬುದನ್ನು ಯಂತ್ರವೂ ಹೇಳಬಲ್ಲುದು. ಏರುವ ನೀರನ್ನು ನೋಡುತ್ತ ಮನೆಯವರು ರಾತ್ರಿಯನ್ನು ಹೇಗೆ ಕಳೆದರೆಂಬುದನ್ನು ಸಾಹಿತ್ಯವೇ ಹೇಳಬೇಕು.

ಆದುದರಿಂದ ಆಕಾಶಪಟವನ್ನು ಊರಿನ ವರ್ಣನೆಯೆಂದು ತಿಳಿಯದೆ, ವರ್ಣನೆಯನ್ನು ಬರೆಯಲು ಸಿಕ್ಕಿರುವ ಹಲಗೆಯೆಂದು ತಿಳಿಯುವುದು ಉಚಿತ. ಯಕ್ಷನಿಲ್ಲದ ಮೇಘವು ಅಲಕೆಯ ಮೇಲೆ ಹಾದುಹೋಗುವುದೇ ಹೊರತು ಮನೆಯನ್ನು ಗುರುತಿಸದು. ನಮ್ಮಲ್ಲಿ ಮೇಘವು ಈಗ ಎಲ್ಲರ ಕೈಯಲ್ಲಿಯೂ ಇದೆ, ಯಕ್ಷರು ಕಡಮೆಯಾಗುತ್ತಿರುವರು. 1964ರಲ್ಲಿ 15 ವರ್ಷದವರಾಗಿದ್ದವರು ಈಗ 75ನ್ನು ದಾಟಿರುವರು. ಪಟವು ಮುಂದಿನ ವರ್ಷವೂ ದೊರೆಯುವುದು, ಇನ್ನೂ ಸ್ಫುಟವಾಗಿಯೇ ದೊರೆಯಬಹುದು. ಅವರ ಮಾತು ದೊರೆಯುವುದೆಂಬ ಭರವಸೆ ಯಾರಿಗೂ ಇಲ್ಲ.

ನಮ್ಮ ಸಂಘದ ಸದಸ್ಯರು ಪ್ರತಿಯೊಬ್ಬರೂ ಮುಳುಗಡೆಯ ಒಂದೊಂದು ಊರಿನ ಹಿರಿಯರೊಬ್ಬರ ಪಕ್ಕದಲ್ಲಿ ಪಟವನ್ನು ತೆರೆದು ಕುಳಿತುಕೊಳ್ಳಲಿ. ಸರ್ವೆ ಇಲಾಖೆಯ ಹಳೆಯ, ಮೈಲಿಗೆ ಒಂದಂಗುಲದ ಅಳತೆಯ ನಕ್ಷೆ ಸಿಕ್ಕಿದರೆ ಅದನ್ನೂ ಜೊತೆಗಿಟ್ಟುಕೊಳ್ಳಲಿ. ಮೊದಲು ಅವರ ಜಗಲಿ ಯಾವ ದಿಕ್ಕಿಗಿತ್ತೆಂದು ಕೇಳಿ, ಪಟವನ್ನು ಆ ಕಡೆಗೆ ತಿರುಗಿಸಲಿ. ಮನೆ, ಗದ್ದೆ, ಕೆರೆ, ಸಂಕ, ದೈವದ ಕಲ್ಲು, ಒರತೆ ಇವುಗಳ ಹೆಸರನ್ನು ಅವರು ಉಚ್ಚರಿಸಿದಂತೆಯೇ ಕನ್ನಡದಲ್ಲಿ ಬರೆದುಕೊಳ್ಳಲಿ. ಹೆಂಗಸರನ್ನು ಕೇಳಲು ಮರೆಯದಿರಲಿ. ನೀರಿನ ಹೆಸರುಗಳು ನೀರು ಹೊತ್ತವರಿಗೆ ಹೆಚ್ಚು ತಿಳಿದಿರುತ್ತವೆ. ಇಂತಹ ಬರವಣಿಗೆಗಳನ್ನು ಊರೂರಿನ ಕ್ರಮದಲ್ಲಿ ಈ ಪತ್ರಿಕೆಯಲ್ಲಿಯೇ ಪ್ರಕಟಿಸಿದರೆ ಅದು ನಮ್ಮ ಜಿಲ್ಲೆಗೆ ಸಲ್ಲಬೇಕಾದ ಸೇವೆಯಾಗುವುದು. ಮಳೆಗಾಲ ಹಿಡಿಯುವುದರೊಳಗಾಗಿ ಈ ಕೆಲಸಕ್ಕೆ ಕೆಲವರಾದರೂ ಮುಂದೆ ಬರುವರೆಂದು ನಂಬಿರುವೆವು.