ಮಂಗರಸನ ಸೂಪಶಾಸ್ತ್ರವೂ ಹಾಸನ ಸೀಮೆಯ ಮನೆಯಡುಗೆಯೂ

ಕನ್ನಡದಲ್ಲಿ ಪಾಕವಿಷಯವನ್ನೇ ಕುರಿತು ಸ್ವತಂತ್ರವಾಗಿ ರಚಿತವಾದ ಪ್ರಾಚೀನ ಗ್ರಂಥಗಳಲ್ಲಿ ಮೂರನೆಯ ಮಂಗರಸನ 'ಸೂಪಶಾಸ್ತ್ರ'ಕ್ಕೆ ವಿಶಿಷ್ಟ ಸ್ಥಾನವಿದೆ. ಅದರ ಕರ್ತೃ ಜೈನ, ಅದರ ವಿಷಯ ಶಾಕಾಹಾರ. ಈ ಎರಡು ಸಂಗತಿಗಳನ್ನು ಕೂಡಿಸಿ ಗ್ರಂಥವನ್ನು 'ಜೈನರ ಪಾಕಶಾಸ್ತ್ರ'ವೆಂದು ನಿರ್ದೇಶಿಸುವುದು ವಾಡಿಕೆಯಾಗಿದೆ. ಇನ್ನು ಕೆಲವರ ದೃಷ್ಟಿಯಲ್ಲಿ ಅದು ಭಕ್ಷ್ಯನಾಮಗಳ ಕೋಶ ಮಾತ್ರ. ಈ ಎರಡು ಅಭಿಪ್ರಾಯಗಳೂ ಪರಾಮರ್ಶೆಗೆ ಅರ್ಹವಾಗಿವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಮನೆಗಳಲ್ಲಿ ಇಂದಿಗೂ ಉಳಿದುಬಂದಿರುವ ಪಾಕಪದ್ಧತಿಯ ಎದುರಿಗೆ ಗ್ರಂಥವನ್ನು ಇಟ್ಟು ನೋಡಿದಾಗ ಎರಡರ ಕೊರತೆಯೂ ಸ್ಪಷ್ಟವಾಗುತ್ತದೆ.

ಮಂಗರಸನು ಈಗಿನ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭು; ವಿಜಯಭೂಪಾಲನ ಮಗ. ಚಂಗಾಳ್ವರ ಸಚಿವವಂಶಕ್ಕೆ ಸೇರಿದ ಈತನ ಕಾಲ ೧೬ನೆಯ ಶತಮಾನದ ಆದಿಭಾಗ. 'ನೇಮಿಜಿನೇಶ ಸಂಗತಿ', 'ಸಮ್ಯಕ್ತ್ವಕೌಮುದಿ', 'ಜಯನೃಪಕಾವ್ಯ', 'ಪ್ರಭಂಜನಚರಿತೆ', 'ಶ್ರೀಪಾಲಚರಿತೆ' ಇವನ ಇತರ ಕೃತಿಗಳು. ಅರಕಲಗೂಡಿನ ದಕ್ಷಿಣಕ್ಕೆ, ಬಹುದೂರವಲ್ಲದ ಸೀಮೆ ಇವನದು. ಅರಕಲಗೂಡು ಪ್ರದೇಶವಾದರೋ ಅದಕ್ಕೂ ಹಿಂದೆ ಜೈನಧರ್ಮೀಯರಾದ ಕೊಂಗಾಳ್ವರ ಆಳ್ವಿಕೆಯಲ್ಲಿತ್ತು. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಶ್ರವಣಬೆಳಗೊಳವಿದೆ. ಆದುದರಿಂದ ಸೂಪಶಾಸ್ತ್ರದ ಶಬ್ದಗಳಿಗೆ ಅರ್ಥ ಅರಸುವವರು ಈ ಸೀಮೆಯ ಅಡುಗೆಮನೆಯನ್ನು ವಿಚಾರಿಸುವುದು ಅನುಚಿತವಲ್ಲ.

ಗ್ರಂಥವು ಆರು ಅಧ್ಯಾಯಗಳುಳ್ಳದ್ದು; ವಾರ್ಧಕಷಟ್ಪದಿಯಲ್ಲಿದೆ. ಹಿಟ್ಟಿನ ಭಕ್ಷ್ಯಗಳಿಂದ ಮೊದಲಾಗಿ ಪಾನಕ, ಅನ್ನ ಮತ್ತು ಪಾಯಸಗಳನ್ನು ವಿವರಿಸಿ, ಬದನೆ, ಹಲಸು, ಬಾಳೆ, ಕಳಲೆ ಮೊದಲಾದ ಶಾಕಗಳ ಪಾಕಕ್ಕೆ ಸಾಗುತ್ತದೆ. ವಾರ್ಧಕದ ಒಂದು ಪದ್ಯಕ್ಕೆ ಒಟ್ಟು ೧೪೪ ಮಾತ್ರೆ. ಆದಿಪ್ರಾಸದ ನಿರ್ಬಂಧವೂ ಉಂಟು. ಈ ಇಕ್ಕಟ್ಟಿನೊಳಗೆ ಪಾಕದ ಕ್ರಮವನ್ನು ಹೇಳಬೇಕಾದ ಕವಿ ತಿಳಿದವನಿಗೆ ತಿಳಿದೇ ಇರುವುದನ್ನು ಬಿಡುತ್ತಾನೆ. ಉರಿ ಎಷ್ಟು, ಹೊತ್ತು ಎಷ್ಟು, ಹದ ಯಾವುದು ಎಂಬುದು ಕೈಗೆ ಬಿಟ್ಟ ಮಾತು. ಪದ್ಯವು ಕಲಿಯುವವನಿಗಲ್ಲ, ಕಲಿತವನ ನೆನಪಿಗೆ. ಈ ಸಂಗತಿಯನ್ನು ಲಕ್ಷಿಸದೆ ಪದ್ಯದಲ್ಲಿ ಕಾಣದ ಹಂತವನ್ನೆಲ್ಲ ಗ್ರಂಥಪಾತವೆಂದು ಶಂಕಿಸುವುದು ಸಂಪಾದಕರಿಗೆ ಸಲ್ಲದು.

ಈಗ ಮುಖ್ಯಪ್ರಶ್ನೆ. ಸೂಪಶಾಸ್ತ್ರವು ಯಾವ ಅರ್ಥದಲ್ಲಿ ಜೈನ? ಶ್ರಾವಕರಲ್ಲಿ ರೂಢವಾದ ೨೨ ಅಭಕ್ಷ್ಯಗಳ ಗಣನೆಯಲ್ಲಿ ಬದನೆಗೆ ಹೆಸರುಗೊಂಡೇ ನಿಷೇಧವಿದೆ. ಮಂಗರಸನಾದರೋ ಬದನೆಯ ಪಾಕಭೇದಗಳನ್ನು ಉತ್ಸಾಹದಿಂದ ವಿವರಿಸುತ್ತಾನೆ. ಎಳೆಯ ಬಿದಿರಿನ ಮೊಳಕೆಯಾದ ಕಳಲೆಗೂ ಅವನಲ್ಲಿ ಮನ್ನಣೆಯಿದೆ. ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ವು ಅಲ್ಪಫಲ, ಬಹುವಿಘಾತವೆಂಬ ಕಾರಣದಿಂದ ಮೂಲಂಗಿ, ಹಸಿಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆಗಳನ್ನು ತ್ಯಾಜ್ಯವೆನ್ನುತ್ತದೆ. ೧೩ನೆಯ ಶತಮಾನದ ಆಶಾಧರನ 'ಸಾಗಾರಧರ್ಮಾಮೃತ'ವು ಕಾಯಿಸದ ಗೋರಸದೊಡನೆ ದ್ವಿದಳ ಧಾನ್ಯವನ್ನು ಬೆರೆಸಿ ಉಣ್ಣುವುದನ್ನು ನಿಷೇಧಿಸುತ್ತದೆ. ಇಂತಹ ವಿಧಿನಿಷೇಧಗಳನ್ನು ಆಧಾರವಾಗಿಟ್ಟುಕೊಂಡು ಕಟ್ಟಿದ ಗ್ರಂಥವಲ್ಲ ಸೂಪಶಾಸ್ತ್ರ. ಅದು ಪ್ರಭುವಿನ ಪಾಕಶಾಲೆಯ ಗ್ರಂಥ. ರುಚಿ, ಬಣ್ಣ, ಕಂಪುಗಳೇ ಅದರ ಪ್ರಮಾಣ. ಧರ್ಮವನ್ನು ಹೇಳುವುದಕ್ಕೆ ಮಂಗರಸನು 'ಸಮ್ಯಕ್ತ್ವಕೌಮುದಿ'ಯನ್ನು ಬೇರೆಯಾಗಿಯೇ ಬರೆದಿದ್ದಾನೆ. ಲೌಕಿಕವನ್ನು ಲೌಕಿಕವಾಗಿ ಬರೆಯುವ ಸ್ವಾತಂತ್ರ್ಯ ಪಂಪನ ಕಾಲದಿಂದ ಕನ್ನಡದ ಜೈನಕವಿಗಳಿಗೆ ಇದ್ದೇ ಇದೆ. ಆದ ಕಾರಣ ಗ್ರಂಥದಲ್ಲಿ ವ್ರತವನ್ನು ಅರಸಿ ನಿರಾಶರಾಗುವುದೂ ತಪ್ಪು. ಅಲ್ಲಿಲ್ಲದ ವ್ರತವನ್ನು ಅದಕ್ಕೆ ಆರೋಪಿಸಿ ಹೆಮ್ಮೆಪಡುವುದೂ ತಪ್ಪು.

ಹಾಗಾದರೆ ಜೈನ ಪಾಕಶಾಸ್ತ್ರವೆಂಬುದು ಎಲ್ಲಿದೆ? ಅದು ಶ್ರಾವಿಕೆಯರ ಅಡುಗೆಮನೆಯಲ್ಲಿದೆ. ಶ್ರವಣಬೆಳಗೊಳಕ್ಕೆ ಮುನಿಗಳು ವಿಹಾರಮಾಡಿ ಬಂದಾಗ ಆಹಾರದಾನಕ್ಕೆ ಸಿದ್ಧವಾಗುವ ಅಡುಗೆಯನ್ನು ಗಮನಿಸಿದರೆ ಈ ಮಾತು ವಿಶದವಾಗುತ್ತದೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕಾಯಿಸಬೇಕು. ಹಿಟ್ಟಿಗೆ ಕಾಲಮರ್ಯಾದೆಯುಂಟು: ಮಳೆಗಾಲದಲ್ಲಿ ೩ ದಿನ, ಬೇಸಗೆಯಲ್ಲಿ ೫ ದಿನ, ಚಳಿಗಾಲದಲ್ಲಿ ೭ ದಿನ. ಕಂದಮೂಲಗಳು ವರ್ಜ್ಯ. ಸೂರ್ಯಾಸ್ತವಾದ ಮೇಲೆ ಒಲೆಯ ಕೆಲಸವಿಲ್ಲ. ದಿನಕ್ಕೊಮ್ಮೆ ನಿಂತು ಪಾಣಿಪಾತ್ರದಲ್ಲಿ ಆಹಾರ ಸ್ವೀಕರಿಸುವ ಮುನಿಗೆ ಯಾವ ಪದಾರ್ಥವನ್ನು ಯಾವ ಹದದಲ್ಲಿ, ಯಾವ ಕ್ರಮದಲ್ಲಿ ನೀಡಬೇಕೆಂಬುದನ್ನು ಅತ್ತೆ ಸೊಸೆಗೆ ಹೇಳಿಕೊಡುತ್ತಾಳೆ. ಶ್ರಾವಕಾಚಾರ ಗ್ರಂಥಗಳು ನಿಷೇಧವನ್ನು ಹೇಳುತ್ತವೆ; ನಿಷೇಧದ ಒಳಗೇ ರುಚಿಯನ್ನು ಸಾಧಿಸುವ ಉಪಾಯವನ್ನು ಹೇಳುವುದಿಲ್ಲ. ಸೂಪಶಾಸ್ತ್ರವು ರುಚಿಯನ್ನು ಹೇಳುತ್ತದೆ, ನಿಷೇಧವನ್ನು ಹೇಳುವುದಿಲ್ಲ. ಇವೆರಡನ್ನೂ ಕೂಡಿಸುವ ವಿದ್ಯೆ ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದದ್ದು.

ಎರಡು ಉದಾಹರಣೆಗಳು ಸಾಕು. ಹಾಸನ ಸೀಮೆ ಆಲೂಗಡ್ಡೆಗೆ ಹೆಸರಾದದ್ದು. ಸುತ್ತಲ ಮನೆಗಳಲ್ಲಿ ಹುಳಿಗೂ ಪಲ್ಯಕ್ಕೂ ಅದೇ ಮುಂದು. ವ್ರತಸ್ಥ ಜೈನರ ಮನೆಯಲ್ಲಿ ಅದೇ ಒಗ್ಗರಣೆ, ಅದೇ ಕಾಯಿತುರಿ. ಗಡ್ಡೆಯ ಸ್ಥಾನದಲ್ಲಿ ಮಾತ್ರ ಬಾಳೆಕಾಯಿ. ಮಜ್ಜಿಗೆಹುಳಿಯದು ಇನ್ನೂ ಸೂಕ್ಷ್ಮವಾದ ವಿಚಾರ. ಇತರರು ನೆನೆಸಿದ ಕಡಲೆಬೇಳೆಯನ್ನು ತೆಂಗಿನಕಾಯಿ, ಜೀರಿಗೆಗಳೊಡನೆ ರುಬ್ಬಿ, ಬೆಂದ ತರಕಾರಿಗೆ ಸೇರಿಸಿ, ಮಜ್ಜಿಗೆ ಹೊಯ್ದು ಒಂದು ಕುದಿ ಬರಿಸುತ್ತಾರೆ. ದ್ವಿದಳದ ನಿಯಮವನ್ನು ಪಾಲಿಸುವವರು ಬೇಳೆಯನ್ನು ಬಿಟ್ಟು ಅಕ್ಕಿಯನ್ನು ರುಬ್ಬಿ ಹಾಕಬಹುದು. ಇಲ್ಲವೇ ಮಜ್ಜಿಗೆಯನ್ನು ಮೊದಲೇ ಕಾಯಿಸಿಕೊಳ್ಳಬಹುದು. ಉಣ್ಣುವವನ ನಾಲಗೆಗೆ ಭೇದ ಅತ್ಯಲ್ಪ. ಆಚಾರದ ದೃಷ್ಟಿಯಿಂದ ಅದು ಮಹತ್ತಾದ ಭೇದ. ಇಂತಹ ಪಾಠಾಂತರವನ್ನು ಯಾವ ಓಲೆಗರಿಯೂ ದಾಖಲಿಸಿಕೊಂಡು ಕುಳಿತಿಲ್ಲ.

ಶಬ್ದಾರ್ಥ ನಿರ್ಣಯದಲ್ಲಿಯೂ ಮನೆಯಡುಗೆಯ ಸಾಕ್ಷ್ಯ ಬೆಲೆಯುಳ್ಳದ್ದು. ಹಳೆಯ ಪಾಕಗ್ರಂಥಗಳ 'ಮೆಣಸು' ಕರಿಮೆಣಸೇ ಹೊರತು ಮೆಣಸಿನಕಾಯಿಯಲ್ಲ. ಅಮೆರಿಕ ಖಂಡದ ಮೆಣಸಿನಕಾಯಿಯನ್ನು ಈ ನಾಡಿಗೆ ತಂದವರು ಪೋರ್ಚುಗೀಸರು. ೧೪೯೮ರಲ್ಲಿ ಅವರ ಹಡಗುಗಳು ಪಶ್ಚಿಮ ಕರಾವಳಿಗೆ ಬಂದವು. ೧೫೧೦ರಲ್ಲಿ ಗೋವೆ ಅವರ ವಶವಾಯಿತು. ಮಂಗರಸನ ಒಲೆಯ ಬಳಿಗೆ ಅದು ಬಂದಿರುವ ಸಂಭವವಿಲ್ಲ. ಈಗಿನ ಸಾರಿನ ಪುಡಿಯ ಕಲ್ಪನೆಯಿಂದ ಗ್ರಂಥವನ್ನು ಓದುವವರು ಇಲ್ಲಿ ಎಡವುತ್ತಾರೆ. ಹಾಸನ ಸೀಮೆಯ ಹೆಂಗಸರು ಎಡವುವುದಿಲ್ಲ. 'ಮೆಣಸಿನ ಸಾರು' ಎಂದರೆ ಕರಿಮೆಣಸು, ಜೀರಿಗೆ, ಹುಣಿಸೆಹಣ್ಣು, ತುಪ್ಪದ ಒಗ್ಗರಣೆಗಳ ಸಾರೆಂದೇ ಅವರಿಗೆ ಗೊತ್ತು. ಬಾಣಂತಿಯ ಪಥ್ಯಕ್ಕೂ ಅದೇ ಮೆಣಸು. ಬ್ರಾಹ್ಮಣರ ಮನೆಗಳಲ್ಲಿ ತಿಥಿಯ ಅಡುಗೆಗೆ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಸೇರವು. ಗ್ರಂಥಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ ನಿತ್ಯದ ಅಡುಗೆಯು ತಿದ್ದುಪಡಿಗಳಿಗೆ ಒಳಗಾದ ಪ್ರತಿ. ತಿಥಿಯ ಅಡುಗೆ, ಪಥ್ಯದ ಅಡುಗೆಗಳು ಪ್ರಾಚೀನಪಾಠವನ್ನು ಉಳಿಸಿಕೊಂಡ ಪ್ರತಿಗಳು. ಆದರೆ ತಿಥಿಯ ನಿಷೇಧಗಳಿಗೆ ಧರ್ಮಶಾಸ್ತ್ರದ ಬೇರೆ ಕಾರಣಗಳೂ ಇರುವುದರಿಂದ ಅಲ್ಲಿ ಇಲ್ಲದ್ದೆಲ್ಲ ಅರ್ವಾಚೀನವೆಂದು ತೀರ್ಮಾನಿಸಲಾಗದು.

ಇದರ ವಿಪರ್ಯಾಸವೂ ಉಂಟು: ಹೆಸರು ಉಳಿದು ವಸ್ತು ಬದಲಾಗುವುದು. 'ಇಡ್ಡಲಿಗೆ' ಶಬ್ದವು ೧೦ನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿ ದೊರೆಯುತ್ತದೆ. ಕ್ರಿ.ಶ. ೧೦೨೫ರ ಸುಮಾರಿನ 'ಲೋಕೋಪಕಾರ'ದಲ್ಲಿ ಉದ್ದನ್ನು ಗೋರಸದಲ್ಲಿ ನೆನೆಸಿ, ರುಬ್ಬಿ, ಮೆಣಸು ಜೀರಿಗೆ ಇಂಗುಗಳೊಡನೆ ಮಾಡುವ ಪಾಕವಿದೆ. ಅದರ ಕರ್ತೃ ಚಾವುಂಡರಾಯನು ಇಮ್ಮಡಿ ಜಯಸಿಂಹನ ಆಶ್ರಿತನಾದ ಬ್ರಾಹ್ಮಣ ಕವಿ, ಕ್ರಿ.ಶ. ೯೭೮ರಲ್ಲಿ ಪುರಾಣವನ್ನು ರಚಿಸಿ ಬೆಳಗೊಳದಲ್ಲಿ ಗೊಮ್ಮಟನನ್ನು ಪ್ರತಿಷ್ಠಾಪಿಸಿದ ಚಾವುಂಡರಾಯನಲ್ಲ. ಹೆಸರಿನ ಸಾಮ್ಯದಿಂದ ಇಬ್ಬರನ್ನು ಒಬ್ಬನೆನ್ನುವ ಪ್ರಮಾದ ಪುನಃಪುನಃ ಕಾಣಿಸಿಕೊಳ್ಳುತ್ತಿದೆ. ಈ ಪ್ರಾಚೀನ ವರ್ಣನೆಯಲ್ಲಿ ಉದ್ದಿನೊಡನೆ ಅಕ್ಕಿಯ ಪ್ರಸ್ತಾಪವಿಲ್ಲ. ಹೊಳೆನರಸೀಪುರದ ಮನೆಯಲ್ಲಿ ಅಕ್ಕಿತರಿ ಬೆರೆಸಿ ರಾತ್ರಿಯಿಡೀ ಹುದುಗಿಸಿ ಹಬೆಯಲ್ಲಿ ಬೇಯಿಸುವ ಇಡ್ಲಿಯು ಆ ಹೆಸರಿಗೆ ವಾರಸುದಾರ. ಆ ಪಾಕಕ್ಕೆ ಅಷ್ಟಾಗಿ ಅಲ್ಲ. ಸಾವಿರ ವರ್ಷದ ತಿಂಡಿಯೆಂದು ಕೊಂಡಾಡುವ ಮೊದಲು ಶಬ್ದದ ವಯಸ್ಸು ಬೇರೆ, ಪದಾರ್ಥದ ವಯಸ್ಸು ಬೇರೆ ಎಂಬ ವಿವೇಕ ಇರಬೇಕು.

ಇನ್ನು ಮನೆಗಳ ಅಡುಗೆ ಪುಸ್ತಕಗಳ ವಿಚಾರ. ಲೆಕ್ಕದ ಪುಸ್ತಕದ ಹಿಂಬದಿಯಲ್ಲೋ ಮಕ್ಕಳ ನೋಟುಪುಸ್ತಕದಲ್ಲೋ ಬರೆದಿಟ್ಟ ಈ ಬರಹಗಳನ್ನು ಹಸ್ತಪ್ರತಿಗಳೆಂದು ಎಣಿಸುವ ರೂಢಿ ಬೆಳೆದಿಲ್ಲ. ಲಕ್ಷಣವನ್ನು ನೋಡಿದರೆ ಅವು ಹಸ್ತಪ್ರತಿಗಳೇ. ಒಂದೇ ಪುಸ್ತಕದಲ್ಲಿ ಎರಡು ಮೂರು ತಲೆಮಾರಿನ ಕೈಬರಹಗಳು, ಅಂಚಿನಲ್ಲಿ ತಿದ್ದುಪಡಿ, ನಡುವೆ ಪ್ರಕ್ಷಿಪ್ತ, ಎಣ್ಣೆಯ ಕಲೆಯಿಂದ ಅಳಿದ ಅಕ್ಷರ, ಎಲ್ಲವೂ ಉಂಟು. ಮಗಳು ತಾಯಿಯ ಪುಸ್ತಕವನ್ನು ನಕಲುಮಾಡಿಕೊಂಡು ಗಂಡನ ಮನೆಗೆ ಒಯ್ದಾಗ ಒಂದು ಮಾತೃಕೆಯಿಂದ ಎರಡು ಪ್ರತಿಗಳಾಗಿ, ಹುಳಿಪುಡಿಯ ಕೊತ್ತಂಬರಿಬೀಜದ ಪ್ರಮಾಣ ಬೇರೆಯಾಗುತ್ತದೆ. ಕಾಲನಿರ್ಣಯಕ್ಕೂ ಸಾಧನಗಳಿವೆ. ನಾಲ್ಕು ಪಾವಿಗೆ ಒಂದು ಸೇರೆಂಬ ಹಳೆಯ ಮಾನ, ೧೯೫೮ರಿಂದ ಜಾರಿಗೆ ಬಂದ ಮೆಟ್ರಿಕ್ ಮಾನ, ಇವುಗಳ ನಡುವಣ ತೊಡಕನ್ನು ಇಂತಹ ಪುಟಗಳಲ್ಲಿ ಗುರುತಿಸಬಹುದು. ಭಾಷಾಶಾಸ್ತ್ರಕ್ಕೂ ಅವು ಉಪಯುಕ್ತ. ಈ ಸೀಮೆಯ ಹೆಬ್ಬಾರ ಅಯ್ಯಂಗಾರರು ಮನೆಯಲ್ಲಿ ಆಡುವುದು ಕನ್ನಡದಿಂದ ಕೂಡಿದ ತಮಿಳು. ಬರೆಯುವುದು ಕನ್ನಡ ಲಿಪಿ. ಸಾರಿಗೆ ಅವರದು 'ಸಾತ್ತಮುದು'. ಹಾಸನದ ಬಳಿಯ ಕೌಶಿಕದ ಸಂಕೇತಿಗಳ ನುಡಿ ಇನ್ನೊಂದು ಬಗೆ. ಒಂದೇ ಲಿಪಿಯಲ್ಲಿ ಮೂರು ನುಡಿಗಳ ಪಾಕಪದಗಳು ಸಿಗುವ ಅಪೂರ್ವ ಆಕರವಿದು.

ಈ ಪುಸ್ತಕಗಳಿಗೂ ಮಿತಿಯಿದೆ. ಅವು ಹಬ್ಬದ ಅಡುಗೆಯನ್ನು ಬರೆದುಕೊಳ್ಳುತ್ತವೆ, ನಿತ್ಯದ ಅಡುಗೆಯನ್ನು ಬರೆಯುವುದಿಲ್ಲ. ಒಬ್ಬಟ್ಟು, ಹಯಗ್ರೀವ, ಪುಳಿಯೋಗರೆಯ ಗೊಜ್ಜು ಸಿಗುತ್ತವೆ. ರಾಗಿಮುದ್ದೆ, ಹುರುಳಿಯ ಬಸ್ಸಾರು, ಸೊಪ್ಪಿನ ಪಲ್ಯ ಸಿಗುವುದು ವಿರಳ. ಸೂಪಶಾಸ್ತ್ರದ ಪ್ರಭುವಿಗೂ ಮನೆಯ ಗೃಹಿಣಿಗೂ ಈ ವಿಷಯದಲ್ಲಿ ಭೇದವಿಲ್ಲ. ದಿನವೂ ಮಾಡುವುದನ್ನು ಯಾರೂ ಬರೆಯುವುದಿಲ್ಲ. ಬರೆಯದ್ದು ಮೊದಲು ಮರೆಯಾಗುತ್ತದೆ. ಈಗ ಅಚ್ಚಾಗುವ ಪಾಕಪುಸ್ತಕಗಳು ಚಮಚೆ, ನಿಮಿಷಗಳ ಲೆಕ್ಕದಿಂದ ಹೊಸಬರಿಗೆ ಉಪಕಾರ ಮಾಡಿರುವುದು ನಿಜ. ಆದರೆ ಊರು, ಮನೆ, ಆಚಾರಗಳ ಭೇದವನ್ನು ಅಳಿಸಿ ಒಂದೇ ಪಾಠವನ್ನು ಸ್ಥಾಪಿಸುವುದರಿಂದ ಅವು ಪಾಠಾಂತರಗಳನ್ನು ನಷ್ಟಗೊಳಿಸುತ್ತವೆ.

ಸೂಪಶಾಸ್ತ್ರದ ಮುಂದಿನ ಪರಿಷ್ಕರಣಕ್ಕೆ ಈ ವಿವೇಚನೆಯಿಂದ ಮೂರು ಕರ್ತವ್ಯಗಳು ಒದಗುತ್ತವೆ. ಶಬ್ದಕೋಶವನ್ನು ನಿಘಂಟುಗಳಿಂದ ಮಾತ್ರವಲ್ಲದೆ ಸೀಮೆಯ ಅಡುಗೆಮನೆಗಳಿಂದಲೂ ತುಂಬಬೇಕು. ಪ್ರತಿಯೊಂದು ಪಾಕವನ್ನೂ ಶ್ರಾವಕಾಚಾರದ ವಿಧಿನಿಷೇಧಗಳೊಡನೆ ಹೋಲಿಸಿ, ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪುವುದಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ತೋರಿಸಬೇಕು. ಮನೆಯವರ ಒಪ್ಪಿಗೆ ಪಡೆದು ಅಡುಗೆ ಪುಸ್ತಕಗಳನ್ನು ಬರಹ, ಮಾನ, ನುಡಿ, ಆಚಾರಗಳ ವಿವರದೊಡನೆ ಹಸ್ತಪ್ರತಿಸೂಚಿಗಳಿಗೆ ಸೇರಿಸಬೇಕು. ಇವುಗಳಲ್ಲಿ ಮೂರನೆಯದು ತ್ವರೆಯ ಕಾರ್ಯ. ಓಲೆಗರಿಯು ಭಂಡಾರದಲ್ಲಿ ಇನ್ನಷ್ಟು ಕಾಲ ಬಾಳಬಲ್ಲದು. ಮುನಿಯ ಆಹಾರಕ್ಕೆ ಹಿಟ್ಟು ಬೀಸಿ ಮರ್ಯಾದೆಯ ದಿನಗಳನ್ನು ಬೆರಳಲ್ಲಿ ಎಣಿಸಿದ ಹಿರಿಯರ ತಲೆಮಾರು ಅಷ್ಟು ಕಾಲ ಕಾಯಲಾರದು.