ಅರೀಥಾ ಫ್ರಾಂಕ್ಲಿನ್ ಹಾಡಿದ ‘ರೆಸ್ಪೆಕ್ಟ್’

ದಾಸರ ಪದವನ್ನು ಯಾರು ಹಾಡಿದರೂ ಅದು ದಾಸರದಾಗಿಯೇ ಉಳಿಯುತ್ತದೆ; ಕೊನೆಯ ಚರಣದ ಅಂಕಿತವೇ ಅದಕ್ಕೆ ಸಾಕ್ಷಿ. ಅಮೆರಿಕದ ಜನಪ್ರಿಯ ಗೀತಗಳಿಗೆ ಅಂಕಿತವೆಂಬುದಿಲ್ಲ. ಅಲ್ಲಿ ಧ್ವನಿಮುದ್ರಿಕೆಯೇ ಕೃತಿ. ಮೊದಲು ಹಾಡಿದವರ ಕಂಠವೇ ಅದರ ಮುದ್ರೆ. ಆದುದರಿಂದ ಒಬ್ಬರ ಹಾಡನ್ನು ಇನ್ನೊಬ್ಬರು ಎತ್ತಿಕೊಂಡಾಗ, ಅದು ಬರಿಯ ಅನುಕರಣವೋ ಹೊಸ ಸೃಷ್ಟಿಯೋ ಎಂಬ ಪ್ರಶ್ನೆ ಏಳುತ್ತದೆ. ಇದರ ವಿಚಾರಕ್ಕೆ ‘ರೆಸ್ಪೆಕ್ಟ್’, ಎಂದರೆ ‘ಮರ್ಯಾದೆ’, ಎಂಬ ಹಾಡಿಗಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ.

ಇದನ್ನು ರಚಿಸಿ 1965ರಲ್ಲಿ ಮೊದಲು ಹಾಡಿದವನು ಓಟಿಸ್ ರೆಡಿಂಗ್. ದುಡಿದು ಮನೆಗೆ ಮರಳುವ ಗಂಡಸು ಅದರ ನಾಯಕ. ಗಳಿಸಿದ ಹಣವನ್ನೆಲ್ಲ ಅವಳ ಕೈಗಿಡಲು ಅವನು ಸಿದ್ಧ. ತಾನಿಲ್ಲದಾಗ ಅವಳು ತಪ್ಪಿ ನಡೆದರೂ ಸಹಿಸಬಲ್ಲ. ಮನೆಗೆ ಬಂದಾಗ ಮಾತ್ರ ಇಷ್ಟು ಮರ್ಯಾದೆ ದೊರೆಯಲೆಂಬುದೇ ಅವನ ಬೇಡಿಕೆ. ರೆಡಿಂಗನ ಕಂಠ ಒರಟು. ಮಾತು ಮಾತಿಗೂ ಮುಗ್ಗರಿಸಿದಂತಾಗಿ ಮತ್ತೆ ಮುನ್ನುಗ್ಗುತ್ತದೆ. ಎರಡನೆಯದರ ಕೀರ್ತಿಯನ್ನು ಕಂಡು ಈ ಮೊದಲನೆಯದನ್ನು ಕೀಳುಗಳೆಯುವುದು ನ್ಯಾಯವಲ್ಲ. ಗಂಡಸಿನ ಹೆಮ್ಮೆಯೇ ಅಂಗಲಾಚುವ ಆ ಒಂದು ಭಾವವನ್ನು ಅದು ಕುಂದಿಲ್ಲದೆ ಹಿಡಿದಿದೆ.

ಅರೀಥಾ ಫ್ರಾಂಕ್ಲಿನ್ ಡಿಟ್ರಾಯಿಟ್ ನಗರದ ಪಾದ್ರಿಯೊಬ್ಬನ ಮಗಳು. ದೇವಾಲಯದ ಪ್ರಾರ್ಥನಾಗೀತಗಳಲ್ಲಿ ಪಳಗಿದ ಕಂಠ ಆಕೆಯದು. 1967ರ ಫೆಬ್ರವರಿ 14ರಂದು ನ್ಯೂಯಾರ್ಕಿನಲ್ಲಿ ಈಕೆ ಈ ಹಾಡನ್ನು ಮುದ್ರಿಸಿದಳು. ಸಾಹಿತ್ಯದಲ್ಲಿ ಮಾಡಿದ ತಿದ್ದುಪಾಡು ಅಲ್ಪ. ಆದರೆ ಈಗ ನುಡಿಯುವವಳು ಹೆಣ್ಣು. ಹಣವಿರುವುದೂ ಅವಳ ಕೈಯಲ್ಲಿಯೇ. ಅವನಿಲ್ಲದಾಗ ತಾನು ತಪ್ಪಿ ನಡೆಯುವವಳಲ್ಲವೆನ್ನುತ್ತಾಳೆ. ಅದಕ್ಕೆ ಕಾರಣ ಭಯವಲ್ಲ, ತನಗೆ ಹಾಗೆ ನಡೆಯಲು ಮನಸ್ಸಿಲ್ಲ, ಅಷ್ಟೆ. ಈ ಸಣ್ಣ ಕಾರಣದಿಂದ ಹಾಡಿನ ನೆಲೆಯೇ ಬೇರೆಯಾಯಿತು. ರೆಡಿಂಗನ ನಾಯಕ ಬೇಡುತ್ತಾನೆ. ಇವಳು ಬಾಕಿ ವಸೂಲಿಗೆ ಬಂದವಳಂತೆ ಬಾಗಿಲಲ್ಲಿ ನಿಲ್ಲುತ್ತಾಳೆ.

ಮೂಲದಲ್ಲಿಲ್ಲದ ಕೆಲವು ಅಂಶಗಳನ್ನೂ ಆಕೆ ಸೇರಿಸಿದಳು. ನಡುವೆ ಕಿಂಗ್ ಕರ್ಟಿಸನ ಸ್ಯಾಕ್ಸೊಫೋನ್ ವಾದನವಿದೆ. ಅದರ ಆಧಾರಸ್ವರಮೇಳವನ್ನು ಸ್ಯಾಮ್ ಮತ್ತು ಡೇವ್ ಎಂಬ ಜೋಡಿಯ ಬೇರೊಂದು ಹಾಡಿನಿಂದ ತೆಗೆದುಕೊಂಡರು. ಹೊರಗಿನಿಂದ ತಂದುದೆಂದು ಕಿವಿಗೆ ತಿಳಿದೇ ತಿಳಿಯುತ್ತದೆ. ಆದರೂ ಆ ಬಿಡುವು ಬೇಕಾಗಿದ್ದಿತು. ಏಕೆಂದರೆ ಅನಂತರ ಒಂದು ಚರಣ ಕಳೆದು ವಾದ್ಯಗಳು ತಟ್ಟನೆ ತಡೆದು ನಿಲ್ಲುತ್ತವೆ. ಆಕೆ ಆ ಪದದ ಏಳು ಅಕ್ಷರಗಳನ್ನು ಒಂದೊಂದಾಗಿ ಉಚ್ಚರಿಸುತ್ತಾಳೆ, ಕೂಲಿಮಠದ ಅಯ್ಯನವರು ಮರಳಿನ ಮೇಲೆ ಹುಡುಗನಿಗೆ ಅಕ್ಷರ ತಿದ್ದಿಸಿದಂತೆ. ತಂಗಿ ಕ್ಯಾರೊಲಿನ್, ಅಕ್ಕ ಅರ್ಮಾ ಹಿಂದಿನಿಂದ ದನಿಗೂಡಿಸುತ್ತಾರೆ. ರೆಡಿಂಗನಿಗೆ ಊದುವಾದ್ಯಗಳು ಉತ್ತರ ಕೊಟ್ಟಿದ್ದವು. ಇಲ್ಲಿ ಹೆಣ್ಣಿನ ಮಾತಿಗೆ ಹೆಣ್ಣುಮಕ್ಕಳೇ ಹೂಂಗುಟ್ಟುತ್ತಾರೆ. ಮನೆಯೊಳಗಿನ ಮಾತು ಬೀದಿಗೆ ಕೇಳುವಂತಾದುದು ಹೀಗೆ.

ಕರಿಯ ಜನರ ಹಕ್ಕಿನ ಹೋರಾಟದವರೂ ಸ್ತ್ರೀಸ್ವಾತಂತ್ರ್ಯವಾದಿಗಳೂ ಇದನ್ನು ತಮ್ಮ ಹಾಡೆಂದು ಬಗೆದುದು ಸಹಜ. ಆದರೆ ಅದರಿಂದ ಒಂದು ನಷ್ಟವೂ ಆಗಿದೆ. ಘೋಷವಾಗಿ ಕೇಳುವವರಿಗೆ ಹಾಡಿನ ತುಂಟತನವೂ ಶೃಂಗಾರವೂ ತಪ್ಪಿಹೋಗುತ್ತವೆ. ಅವಳು ಅವನನ್ನು ಹೊರಹಾಕಲು ಬಂದವಳಲ್ಲ; ಅವನು ಮನೆಗೆ ಬರಲೆಂದೇ ಕಾದಿರುವವಳು.

ರೆಡಿಂಗನ ಮುದ್ರಿಕೆ ‘ಬಿಲ್‌ಬೋರ್ಡ್’ ಪತ್ರಿಕೆಯ ಜನಪ್ರಿಯ ಗೀತಗಳ ಪಟ್ಟಿಯಲ್ಲಿ 35ನೆಯ ಸ್ಥಾನಕ್ಕೇರಿತ್ತು. ಇದು 1967ರ ಜೂನಿನಲ್ಲಿ ಎರಡು ವಾರ ಮೊದಲನೆಯದಾಗಿ ನಿಂತಿತು. ಅದೇ ತಿಂಗಳು ಮಾಂಟೆರೆಯ ಸಂಗೀತೋತ್ಸವದಲ್ಲಿ, ಹುಡುಗಿಯೊಬ್ಬಳು ತನ್ನ ಹಾಡನ್ನು ಎತ್ತಿಕೊಂಡುಹೋದಳೆಂದು ರೆಡಿಂಗ್ ವಿನೋದವಾಗಿ ಹೇಳಿಯೇ ಅದನ್ನು ಹಾಡಿದನು. ಡಿಸೆಂಬರ್ 10ರಂದು ವಿಮಾನಾಪಘಾತದಲ್ಲಿ ಅವನು ತೀರಿಕೊಂಡನು. ಕಾಯಿದೆಯ ದೃಷ್ಟಿಯಲ್ಲಿ ಮಾತ್ರ ಹಾಡು ಅವನ ಕೈಬಿಡಲಿಲ್ಲ. ಅಮೆರಿಕದ ಸಾಧಾರಣ ಬಾನುಲಿ ನಿಲಯಗಳು ಆಕೆಯ ಮುದ್ರಿಕೆಯನ್ನು ಬಿತ್ತರಿಸಿದಾಗಲೆಲ್ಲ ಗೌರವಧನ ಸಲ್ಲುತ್ತಿದ್ದುದು ರಚಕನ ಮತ್ತು ಪ್ರಕಾಶಕರ ಪಾಲಿಗೆ. ಹಾಡಿದವಳಿಗೆ, 2018ರಲ್ಲಿ ಆಕೆ ಕಣ್ಮುಚ್ಚುವವರೆಗೂ, ಆ ಬಿತ್ತರಿಕೆಯಿಂದ ಒಂದು ಕಾಸೂ ಸಲ್ಲಬೇಕಾಗಿರಲಿಲ್ಲ.