ಕ್ನೇಸರ್ ಸಮಸ್ಯೆ: ಗೋಳವು ಪರಕೀಯವೆ?

ಗಣಿತದಲ್ಲಿ ಒಂದು ಪ್ರಮೇಯವು ಸಿದ್ಧವಾದೊಡನೆ ವಿಮರ್ಶೆಗೆ ಅವಕಾಶವಿಲ್ಲವೆಂದು ಭಾವಿಸುವವರುಂಟು. ಆದರೆ ಪ್ರಮೇಯವು ಸತ್ಯವೆ ಎಂಬ ಪ್ರಶ್ನೆ ಬೇರೆ. ಅದರ ಸಾಧನೆಯಿಂದ ನಾವು ಅರಿತುದೇನು ಎಂಬ ಪ್ರಶ್ನೆ ಬೇರೆ. ಈ ಎರಡನೆಯ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಕ್ನೇಸರ್ ಸಮಸ್ಯೆಯು ಬಹಳ ತಕ್ಕ ನಿದರ್ಶನವಾಗಿದೆ.

ಜರ್ಮನಿಯ ಮಾರ್ಟಿನ್ ಕ್ನೇಸರ್ ಅವರು ೧೯೫೫ರಲ್ಲಿ ಮುಂದಿಟ್ಟದ್ದು ಪರಿಮಿತ ಗಣಗಳ ಒಂದು ಸಮಸ್ಯೆ. 'ನ' ವಸ್ತುಗಳಿವೆ ಎಂದುಕೊಳ್ಳೋಣ. ಅವುಗಳಲ್ಲಿ 'ಕ' ವಸ್ತುಗಳಿರುವ ಉಪಗಣಗಳೆಲ್ಲವನ್ನೂ ತೆಗೆದುಕೊಳ್ಳೋಣ. 'ನ'ವು ೨ಕ ಗಿಂತ ಕಡಿಮೆಯಿಲ್ಲವೆಂದಿರಲಿ. ಸಮಾನ ವಸ್ತುವೊಂದೂ ಇಲ್ಲದ ಎರಡು ಉಪಗಣಗಳಿಗೆ ಒಂದೇ ಬಣ್ಣ ಬರದಂತೆ ಬಣ್ಣ ಹಚ್ಚಲು ಎಷ್ಟು ಬಣ್ಣಗಳು ಬೇಕು? ಪ್ರತಿಯೊಂದು ಉಪಗಣವನ್ನೂ ಒಂದು ಬಿಂದುವೆಂದೂ, ಸಮಾನ ವಸ್ತುವಿಲ್ಲದ ಉಪಗಣಗಳ ನಡುವೆ ಒಂದು ರೇಖೆಯುಂಟೆಂದೂ ಭಾವಿಸಿದರೆ, ಇದು ಒಂದು ಗ್ರಾಫಿನ ವರ್ಣಸಂಖ್ಯೆಯ ಪ್ರಶ್ನೆಯಾಗುತ್ತದೆ.

ನ − ೨ಕ + ೨ ಬಣ್ಣಗಳು ಸಾಕೆಂಬುದನ್ನು ತೋರಿಸುವುದು ಸುಲಭ. ವಸ್ತುಗಳಿಗೆ ೧ರಿಂದ ಕ್ರಮಸಂಖ್ಯೆ ಕೊಡೋಣ. ಉಪಗಣದ ಕನಿಷ್ಠ ಸಂಖ್ಯೆಯು ಮೊದಲಿನ ನ − ೨ಕ + ೧ ಸಂಖ್ಯೆಗಳಲ್ಲಿ ಒಂದಾಗಿದ್ದರೆ ಅದೇ ಆ ಉಪಗಣದ ಬಣ್ಣವಾಗಲಿ. ಉಳಿದ ಉಪಗಣಗಳೆಲ್ಲ ಕೊನೆಯ ೨ಕ − ೧ ವಸ್ತುಗಳೊಳಗೇ ಅಡಗಿರುವುದರಿಂದ ಅವುಗಳಲ್ಲಿ ಯಾವ ಎರಡಕ್ಕೂ ಒಂದು ವಸ್ತುವಾದರೂ ಸಮಾನವಾಗಿರಲೇಬೇಕು. ಅವಕ್ಕೆಲ್ಲ ಒಂದೇ ಬಣ್ಣ ಸಾಕು. ಇದಕ್ಕಿಂತ ಕಡಿಮೆ ಬಣ್ಣಗಳು ಸಾಲವೆಂಬುದೇ ಕ್ನೇಸರ್ ಅವರ ಊಹೆ. ೧೯೭೮ರಲ್ಲಿ ಹಂಗೆರಿಯ ಲಾಸ್ಲೋ ಲೋವಾಸ್ ಅವರು ಇದನ್ನು ಟೊಪಾಲಜಿಯ ನೆರವಿನಿಂದ ಸಾಧಿಸಿದರು.

ಈ ಸಾಧನೆಯ ವಿಷಯದಲ್ಲಿ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಸಂಬಂಧವಿಲ್ಲದ ಎರಡು ಶಾಸ್ತ್ರಗಳು ಅಕಸ್ಮಾತ್ತಾಗಿ ಕೂಡಿದ ವಿಸ್ಮಯವಿದು ಎಂಬುದು ಒಂದು. ಪರಿಮಿತವಾದ ಪ್ರಶ್ನೆಗೆ ಅವಿಚ್ಛಿನ್ನತೆಯ ಸಹಾಯ ಬೇಡವಾಗಿತ್ತು, ಅದೊಂದು ತಾತ್ಕಾಲಿಕವಾದ ಸಾರುವೆಯೇ ಹೊರತು ಕಟ್ಟಡದ ಅಂಗವಲ್ಲ ಎಂಬುದು ಇನ್ನೊಂದು. ಎರಡೂ ಸಮರ್ಪಕವಲ್ಲವೆಂದು ನಮಗೆ ತೋರುತ್ತದೆ.

ಮೊದಲು ಎಣಿಕೆಯ ಶಕ್ತಿಯನ್ನು ಪರೀಕ್ಷಿಸೋಣ. ಏರ್ಡೋಷ್, ಕೊ, ರಾಡೊ ಎಂಬ ಮೂವರು ೧೯೬೧ರಲ್ಲಿ ಪ್ರಕಟಿಸಿದ ಪ್ರಮೇಯವು ಒಂದೇ ಬಣ್ಣದ ವರ್ಗವು ಎಷ್ಟು ದೊಡ್ಡದಿರಬಹುದೆಂದು ನಿರ್ಧರಿಸುತ್ತದೆ. ಅದರಿಂದ ಬಣ್ಣಗಳ ಸಂಖ್ಯೆ ನ/ಕ ಗಿಂತ ಕಡಿಮೆಯಾಗದೆಂದು ತಿಳಿಯುತ್ತದೆ. 'ನ' ೩೦, 'ಕ' ೧೦ ಆದಾಗ ಈ ಎಣಿಕೆ ಹೇಳುವುದು ೩. ನಿಜವಾಗಿ ಬೇಕಾದದ್ದು ೧೨. ಈ ಅಂತರಕ್ಕೆ ಕಾರಣವಿದೆ. ಎಣಿಕೆಯು ಒಂದೊಂದು ವರ್ಗದ ಗಾತ್ರವನ್ನು ಮಾತ್ರ ನೋಡುತ್ತದೆ; ದೊಡ್ಡ ವರ್ಗಗಳು ಒಂದನ್ನೊಂದು ಅತಿಕ್ರಮಿಸುವುದನ್ನು ಅದು ಕಾಣದು.

ಎಣಿಕೆಗೆ ಕಾಣದ್ದು ಗೋಳದ ಮೇಲೆ ಕಾಣುತ್ತದೆ. ೨೦೦೨ರಲ್ಲಿ ಜೋಷುವಾ ಗ್ರೀನ್ ಅವರು ಪ್ರಕಟಿಸಿದ ಅತಿ ಸಂಕ್ಷಿಪ್ತವಾದ ಸಾಧನೆಯನ್ನು ಐದು ವಸ್ತುಗಳ ಜೋಡಿಗಳಿಗೆ, ಎಂದರೆ ಹತ್ತು ಬಿಂದು, ಹದಿನೈದು ರೇಖೆಗಳ ಪೀಟರ್ಸನ್ ಗ್ರಾಫಿಗೆ, ಅನ್ವಯಿಸಿ ನೋಡಬಹುದು. ಗೋಳದ ಮೇಲೆ ಐದು ಬಿಂದುಗಳನ್ನು, ಯಾವ ಮೂರೂ ಒಂದೇ ಮಹಾವೃತ್ತದ ಮೇಲೆ ಬೀಳದಂತೆ, ಇಡೋಣ. ಕೆಂಪು, ನೀಲಿ ಎಂಬ ಎರಡೇ ಬಣ್ಣಗಳು ಸಾಕೆಂದು ಕಲ್ಪಿಸೋಣ. ಗೋಳದ ಪ್ರತಿಯೊಂದು ಸ್ಥಾನವನ್ನೂ ಕೇಂದ್ರವಾಗಿಟ್ಟುಕೊಂಡ, ಅಂಚನ್ನು ಬಿಟ್ಟ ಗೋಳಾರ್ಧವನ್ನು ನೋಡೋಣ. ಅದರಲ್ಲಿ ಕೆಂಪು ಜೋಡಿಯಿದ್ದರೆ ಆ ಸ್ಥಾನವು ಮೊದಲನೆಯ ಗಣಕ್ಕೆ, ನೀಲಿ ಜೋಡಿಯಿದ್ದರೆ ಎರಡನೆಯದಕ್ಕೆ, ಯಾವ ಜೋಡಿಯೂ ಇಲ್ಲದಿದ್ದರೆ ಮೂರನೆಯದಕ್ಕೆ ಸೇರಲಿ. ಮೊದಲೆರಡು ವಿವೃತ ಗಣಗಳು, ಮೂರನೆಯದು ಸಂವೃತ. ಇಂಥ ಮೂರು ಗಣಗಳು ಗೋಳವನ್ನು ಆವರಿಸಿದರೆ ಅವುಗಳಲ್ಲಿ ಒಂದು, ಯಾವುದಾದರೊಂದು ವ್ಯಾಸದ ಎರಡು ತುದಿಗಳನ್ನೂ ಒಳಗೊಳ್ಳಲೇಬೇಕು. ಲ್ಯುಸ್ಟೆರ್ನಿಕ್ ಮತ್ತು ಶ್ನಿರೆಲ್ಮನ್ ಅವರ ೧೯೩೦ರ ಪ್ರಮೇಯದ, ಬೋರ್ಸುಕ್ ಅವರ ೧೯೩೩ರ ಪ್ರಮೇಯದ ಸಾರವಿದು. ಕೆಂಪು ಗಣ ಹಾಗಿದ್ದರೆ ಎದುರುಬದುರಾದ ಗೋಳಾರ್ಧಗಳಲ್ಲಿ ಸಮಾನ ವಸ್ತುವಿಲ್ಲದ ಎರಡು ಕೆಂಪು ಜೋಡಿಗಳು ಸಿಕ್ಕುತ್ತವೆ; ಅದು ನಿಷಿದ್ಧ. ನೀಲಿಗೂ ಇದೇ ಮಾತು. ಮೂರನೆಯ ಗಣ ಹಾಗಿದ್ದರೆ ಒಂದೊಂದು ಗೋಳಾರ್ಧದಲ್ಲಿಯೂ ಹೆಚ್ಚೆಂದರೆ ಒಂದೊಂದು ಬಿಂದು. ಉಳಿದ ಮೂರಾದರೂ ನಡುವಣ ಮಹಾವೃತ್ತದ ಮೇಲಿರಬೇಕಾಗುತ್ತದೆ. ಅದೂ ಅಸಾಧ್ಯ. ಈ ಸಣ್ಣ ಗ್ರಾಫಿನಲ್ಲಿ ಐದು ರೇಖೆಗಳ ಒಂದು ಆವರ್ತವನ್ನು ತೋರಿಸಿದರೂ ಸಾಕಾಗುತ್ತಿತ್ತು. ಆದರೆ ಗೋಳದ ವಾದವು ಆಯಾಮವನ್ನು ನ − ೨ಕ + ೧ ಕ್ಕೆ ಏರಿಸಿದರೆ ಎಲ್ಲ ಸಂದರ್ಭಗಳಿಗೂ ಹಾಗೆಯೇ ಸಲ್ಲುತ್ತದೆ.

ಇಲ್ಲಿ ಗ್ರಾಫನ್ನೂ ಟೊಪಾಲಜಿಯನ್ನೂ ಕೂಡಿಸಿದ್ದು ಮೂರನೆಯದೊಂದು ಶಾಸ್ತ್ರವೆಂಬುದನ್ನು ಗಮನಿಸಬೇಕು. ಬಿಂದುಗಳನ್ನು ಗೋಳದ ಮೇಲೆ ಹೇಗೆ ಹಂಚಬೇಕೆಂಬುದು ವಿವಿಕ್ತ ಜ್ಯಾಮಿತಿಯ ಪ್ರಶ್ನೆ. ೧೯೭೮ರಲ್ಲಿಯೇ ಇಮ್ರೆ ಬಾರಾನ್ಯಿ ಅವರು ಕೊಟ್ಟ ಸಾಧನೆಯು, ಪ್ರತಿಯೊಂದು ಗೋಳಾರ್ಧದಲ್ಲಿಯೂ ಕನಿಷ್ಠ 'ಕ' ಬಿಂದುಗಳಿರುವಂತೆ ಹಂಚಬಹುದೆಂಬ ಡೇವಿಡ್ ಗೇಲ್ ಅವರ ಉಪಪ್ರಮೇಯವನ್ನು ಆಶ್ರಯಿಸಿತ್ತು. ಗ್ರೀನ್ ಅವರು ಆಯಾಮವನ್ನು ಒಂದು ಹೆಚ್ಚಿಸಿ ಅದನ್ನು ಕೈಬಿಟ್ಟರು. ಆದರೂ ಬಿಂದುಗಳ ಸ್ಥಿತಿಯ ನಿಯಮ ಉಳಿದೇ ಇತ್ತು. 'ಗ್ರಾಫ್ ಸಿದ್ಧಾಂತಕ್ಕೆ ಟೊಪಾಲಜಿಯ ಅನ್ವಯ' ಎಂಬ ರೂಢಿಯ ವರ್ಣನೆ ಈ ಮಧ್ಯಸ್ಥನನ್ನು ಮರೆಸುತ್ತದೆ.

೨೦೦೪ರಲ್ಲಿ ಪ್ರಾಗ್ ನಗರದ ಯಿರ್ಜಿ ಮಾತೌಶೆಕ್ ಅವರು ಗೋಳದ ಹೆಸರೆತ್ತದೆ ಇದೇ ಪ್ರಮೇಯವನ್ನು ಸಾಧಿಸಿದರು. ಇದರಿಂದ ಎರಡನೆಯ ಅಭಿಪ್ರಾಯವು ಗೆದ್ದಿತೆನ್ನಬಹುದೆ? ಅವರ ಆಧಾರವು ಟಕರ್ ಅವರ ಉಪಪ್ರಮೇಯ. ಅದು ಬೋರ್ಸುಕ್ ಪ್ರಮೇಯದ ಪರಿಮಿತ ರೂಪವೇ ಆಗಿದೆ. ಹೋದದ್ದು ಅವಿಚ್ಛಿನ್ನತೆ, ಉಳಿದದ್ದು ಎದುರುಬದುರಿನ ಸಮಮಿತಿ. ಗೋಳವು ಈ ಪ್ರಶ್ನೆಗೆ ಹೊರಗಿನಿಂದ ಬಂದ ಅತಿಥಿಯಲ್ಲ. ಬೇರ್ಪಟ್ಟ ಎರಡು ಗಣಗಳ ಕಲ್ಪನೆಯಲ್ಲಿಯೇ ಅದು ಅಡಗಿತ್ತು.

ಆದರೆ ಪ್ರಶಂಸೆಗೂ ಮಿತಿಯುಂಟು. ನಾಲ್ಕು ರೇಖೆಗಳ ಆವರ್ತವಿಲ್ಲದ ಗ್ರಾಫುಗಳಲ್ಲಿ ಲೋವಾಸ್ ವಿಧಾನದಿಂದ ದೊರೆಯುವ ಕೆಳಮಿತಿಯು ೩ನ್ನು ಎಂದಿಗೂ ಮೀರದು. ಸಣ್ಣ ಆವರ್ತಗಳೇ ಇಲ್ಲದಿದ್ದರೂ ವರ್ಣಸಂಖ್ಯೆಯು ಬೇಕಾದಷ್ಟು ದೊಡ್ಡದಾಗಿರುವ ಗ್ರಾಫುಗಳುಂಟೆಂದು ಏರ್ಡೋಷ್ ಅವರು ೧೯೫೯ರಲ್ಲಿ ಸಂಭಾವ್ಯತೆಯ ವಾದದಿಂದ ತೋರಿಸಿದ್ದರು. ಅಲ್ಲಿ ಎಣಿಕೆಯೇ ಕಣ್ಣುಳ್ಳದ್ದು, ಗೋಳವು ಕುರುಡು. ಬಣ್ಣಗಳ ಅಭಾವಕ್ಕೆ ಕಾರಣಗಳು ಹಲವು. ಟೊಪಾಲಜಿ ಅವುಗಳಲ್ಲಿ ಒಂದನ್ನು ಮಾತ್ರ ಗುರುತಿಸಿತು, ಆದರೆ ಅದನ್ನು ನಿಷ್ಕೃಷ್ಟವಾಗಿ ಗುರುತಿಸಿತು.

ಅಧ್ಯಾಪಕರು ಈ ಮೂರು ಶಾಸ್ತ್ರಗಳನ್ನು ಮೂರು ಬೇರೆ ಪತ್ರಿಕೆಗಳಾಗಿ ಬೋಧಿಸುವಾಗ, ಒಂದು ಚೆಂಡಿನ ಮೇಲೆ ಐದು ಬಿಂದುಗಳನ್ನು ಗುರುತಿಸಿ ಮೇಲಿನ ವಾದವನ್ನು ಒಮ್ಮೆ ನಡೆಸಿ ತೋರಿಸುವುದು ಲೇಸು. ಪ್ರಮೇಯವನ್ನು ನಂಬಿಸುವುದಕ್ಕೆ ಅದು ಅಷ್ಟಾಗಿ ಬೇಕಿಲ್ಲ. ಎಣಿಕೆ ಎಲ್ಲಿ ಸೋಲುತ್ತದೆ, ಏಕೆ ಸೋಲುತ್ತದೆ ಎಂಬುದನ್ನು ವಿದ್ಯಾರ್ಥಿಯು ಕಣ್ಣಾರೆ ಕಾಣುವುದಕ್ಕೆ ಬೇಕು.